ಘೋಷಣೆಯಿಲ್ಲದ ಯುದ್ಧವೂ ರಾಷ್ಟ್ರದ ಮರ್ಯಾದೆಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಕಾಲದಿಂದ ಪ್ರಚಾರದಲ್ಲಿರುವ ಹೆಮ್ಮೆಯ ಮಾತೊಂದುಂಟು: ತಮ್ಮ ದೇಶವು ಯಾವ ಯುದ್ಧದಲ್ಲಿಯೂ ಸೋತಿಲ್ಲವೆಂಬುದು. ಹಾಗಾದರೆ ವಿಯೆಟ್ನಾಮಿನಲ್ಲಿ ಆದದ್ದೇನು ಎಂದು ಕೇಳಿದರೆ, ಆ ಹೆಮ್ಮೆಯನ್ನು ಬಿಡಲೊಲ್ಲದವರು ಕೊಡುವ ಸಮಾಧಾನ ಹೀಗಿರುತ್ತದೆ: ಅವರ ಸಂವಿಧಾನದ ಮೊದಲನೆಯ ಅನುಚ್ಛೇದವು ಯುದ್ಧವನ್ನು ಘೋಷಿಸುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ವಹಿಸಿದೆ, ವಿಯೆಟ್ನಾಮಿನ ವಿಷಯದಲ್ಲಿ ಕಾಂಗ್ರೆಸ್ಸು ಅಂಥ ಘೋಷಣೆಯನ್ನು ಮಾಡಲೇ ಇಲ್ಲ, ಆದಕಾರಣ ಅಲ್ಲಿ ನಡೆದದ್ದು ಯುದ್ಧವಲ್ಲ, ಯುದ್ಧವಲ್ಲದ್ದರಲ್ಲಿ ಸೋಲೆಂಬುದಿಲ್ಲ, ಸೋಲಿಲ್ಲದ ಮೇಲೆ ಕೀರ್ತಿಗೆ ಕಳಂಕವೂ ಇಲ್ಲ. ತರ್ಕದ ಮೆಟ್ಟಿಲುಗಳು ಒಂದಾದಮೇಲೊಂದು ಎಷ್ಟು ಸರಾಗವಾಗಿ ಜೋಡಿಕೊಂಡಿವೆಯೆಂದರೆ, ಕೇಳಿದವನಿಗೆ ಕ್ಷಣಕಾಲ ಉತ್ತರವೇ ತೋರದು.

ಈ ವಾದವನ್ನು ಯಾವುದೋ ದೂರದೇಶದವರ ದುರಭಿಮಾನವೆಂದು ತಳ್ಳಿಬಿಡುವುದು ಸುಲಭ. ಆದರೆ ಇದೇ ವಾದವನ್ನು ಜಪಾನು ಚೀನದ ವಿಷಯದಲ್ಲಿಯೂ, ಫ್ರಾನ್ಸು ಅಲ್ಜೀರಿಯದ ವಿಷಯದಲ್ಲಿಯೂ, ಬ್ರಿಟನ್ನು ಈಜಿಪ್ಟಿನ ವಿಷಯದಲ್ಲಿಯೂ, ನಮ್ಮ ಕಾಲದಲ್ಲಿ ರಷ್ಯವು ಉಕ್ರೇನಿನ ವಿಷಯದಲ್ಲಿಯೂ ಹೂಡಿವೆ. ನಮ್ಮ ಉಪಖಂಡದ ರಾಜ್ಯಗಳೂ ಈ ಮೋಹಕ್ಕೆ ಹೊರತಾಗಿಲ್ಲ. ಆದ್ದರಿಂದ ಇಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು ಎರಡು. ಘೋಷಣೆಯಿಲ್ಲದೆ ನಡೆದ ಸಶಸ್ತ್ರ ಸಂಘರ್ಷವು ಯುದ್ಧವೆನಿಸಿಕೊಳ್ಳುವುದೆ ಎಂಬುದು ಮೊದಲನೆಯದು. ಅದು ರಾಷ್ಟ್ರದ ಮರ್ಯಾದೆಯನ್ನು ಮುಟ್ಟುವುದೆ, ಮುಟ್ಟುವುದಾದರೆ ಯಾವ ಬಗೆಯಲ್ಲಿ ಎಂಬುದು ಎರಡನೆಯದು. ಮೊದಲನೆಯದಕ್ಕೆ ಹೌದೆಂಬ ಉತ್ತರವನ್ನು ಲೋಕದ ನ್ಯಾಯಶಾಸ್ತ್ರವು ಬಹಳ ಬೆಲೆ ತೆತ್ತು ಕಲಿತುಕೊಂಡಿದೆ. ಎರಡನೆಯದಕ್ಕೆ ನನ್ನ ಉತ್ತರವೂ ಹೌದೇ. ಅಷ್ಟೇ ಅಲ್ಲ, ಘೋಷಣೆಯಿಲ್ಲದ ಯುದ್ಧದಲ್ಲಿ ಮರ್ಯಾದೆಗೆ ಒದಗುವ ಹಾನಿಯು ಸೋಲುಗೆಲುವುಗಳ ಲೆಕ್ಕವನ್ನು ಮೀರಿದ್ದೆಂಬುದು ನನ್ನ ಅಭಿಪ್ರಾಯ.

ಪ್ರಾಚೀನರಲ್ಲಿ ಈ ಗೊಂದಲವಿರಲಿಲ್ಲ. ಮೈಸೂರಿನ ಪ್ರಾಚ್ಯ ಕೋಶಾಗಾರದಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಯುದ್ಧವನ್ನು ಮೂರು ಬಗೆಯಾಗಿ ವಿಂಗಡಿಸಿದೆ: ಸ್ಥಳವನ್ನೂ ಕಾಲವನ್ನೂ ಮೊದಲೇ ಗೊತ್ತುಮಾಡಿ ಹೇಳಿ ನಡಸತಕ್ಕ ಪ್ರಕಾಶಯುದ್ಧ, ವಂಚನೆ, ಆಕಸ್ಮಿಕ ದಾಳಿಗಳಿಂದ ನಡೆಯುವ ಕೂಟಯುದ್ಧ, ಗೂಢಚಾರರಿಂದಲೂ ಭೇದೋಪಾಯದಿಂದಲೂ ಒಳಗೊಳಗೆ ನಡೆಯುವ ತೂಷ್ಣೀಂಯುದ್ಧ. ಮೊದಲನೆಯದು ಹೆಚ್ಚು ಧರ್ಮಸಮ್ಮತವೆಂದು ಆತ ಒಪ್ಪುತ್ತಾನೆ. ಆದರೆ ಉಳಿದೆರಡಕ್ಕೆ ಯುದ್ಧವೆಂಬ ಹೆಸರನ್ನು ನಿರಾಕರಿಸುವುದಿಲ್ಲ. ರಾಜ್ಯಲಾಭದ ಮುಂದೆ ಧರ್ಮಸೂಕ್ಷ್ಮಗಳಿಗೆ ಅಷ್ಟಾಗಿ ಬಾಗದ ಆ ಶಾಸ್ತ್ರಕಾರನಿಗೂ, ಮೌನವಾಗಿ ಮಾಡಿದ ಯುದ್ಧವನ್ನು ಯುದ್ಧವೇ ಅಲ್ಲವೆಂದು ಹೇಳುವ ಧೈರ್ಯ ಬರಲಿಲ್ಲವೆಂಬುದನ್ನು ನಾವು ಗಮನಿಸಬೇಕು.

ಘೋಷಣೆಯೆಂಬುದು ಅಂತರರಾಷ್ಟ್ರೀಯ ನಿಯಮವಾದದ್ದು ಈಚಿನ ಸಂಗತಿ. 1904ರ ಫೆಬ್ರವರಿಯಲ್ಲಿ ಜಪಾನಿನ ನೌಕಾಬಲವು ಪೋರ್ಟ್ ಆರ್ಥರಿನಲ್ಲಿದ್ದ ರಷ್ಯದ ಹಡಗುಗಳ ಮೇಲೆ ರಾತ್ರಿಯಲ್ಲಿ ಎರಗಿ, ಯುದ್ಧಘೋಷಣೆಯನ್ನು ಆಮೇಲೆ ಹೊರಡಿಸಿತು. ಇದರಿಂದ ಎದ್ದ ವಾದವಿವಾದಗಳ ಫಲವಾಗಿ 1907ರ ಹೇಗ್ ಸಮ್ಮೇಳನವು, ಸಕಾರಣವಾದ ಘೋಷಣೆಯಿಂದಾಗಲಿ ಅಂತಿಮ ಎಚ್ಚರಿಕೆಯ ಪತ್ರದಿಂದಾಗಲಿ ಮುಂಚಿತವಾಗಿ ಸ್ಪಷ್ಟ ಸೂಚನೆ ಕೊಡದೆ ಹಗೆತನವನ್ನು ಆರಂಭಿಸಕೂಡದೆಂದು ವಿಧಿಸಿತು. ಈ ವಿಧಿಯ ಉದ್ದೇಶ ಸ್ಪಷ್ಟವಾದುದು: ಎದುರಾಳಿಗೆ ಎಚ್ಚರಿಕೆಯಾಗಲಿ, ತಟಸ್ಥ ರಾಜ್ಯಗಳಿಗೆ ತಮ್ಮ ಕರ್ತವ್ಯವಾವುದೆಂಬುದು ತಿಳಿಯಲಿ, ಯುದ್ಧಕ್ಕೆ ಹೊರಟವನು ತನ್ನ ಕಾರಣವನ್ನು ಲೋಕದ ಮುಂದೆ ಇಟ್ಟು ಹೊಣೆ ಹೊರಲಿ ಎಂಬುದು. ಅಂದರೆ ಘೋಷಣೆ ಯುದ್ಧಮಾಡುವವನ ಕರ್ತವ್ಯ. ಯುದ್ಧದ ಅಸ್ತಿತ್ವಕ್ಕೆ ಅದು ಆಧಾರವಲ್ಲ. ಪತ್ರ ಬರೆದುಕೊಡದೆ ತಂದ ಸಾಲವೂ ಸಾಲವೇ. ನ್ಯಾಯಾಲಯದಲ್ಲಿ ಅದನ್ನು ರುಜುವಾತುಪಡಿಸುವುದು ಕಷ್ಟವಾದೀತು. ಆದರೆ ಪತ್ರವಿಲ್ಲವೆಂಬ ಕಾರಣದಿಂದ ಸಾಲವನ್ನೇ ಅಲ್ಲಗಳೆದವನ ಮರ್ಯಾದೆ, ಸಾಲ ತೀರಿಸಲಾರದೆ ಕೈಮುಗಿದವನ ಮರ್ಯಾದೆಗಿಂತ ಊರಿನಲ್ಲಿ ಹೆಚ್ಚಾಗಿ ಉಳಿಯಲಾರದು.

ಮನುಷ್ಯನ ಸದುದ್ದೇಶವೂ ಕೆಲವು ವೇಳೆ ಅಸತ್ಯಕ್ಕೆ ದಾರಿಯಾಗುವುದು ಇತಿಹಾಸದ ಖೇದಕರ ಸಂಗತಿಗಳಲ್ಲೊಂದು. 1928ರ ಆಗಸ್ಟಿನಲ್ಲಿ ಪ್ಯಾರಿಸಿನಲ್ಲಿ ಸಹಿಯಾದ ಕೆಲಾಗ್-ಬ್ರಿಯಾಂ ಒಪ್ಪಂದದಲ್ಲಿ, ರಾಷ್ಟ್ರನೀತಿಯ ಸಾಧನವಾಗಿ ಯುದ್ಧವನ್ನು ತ್ಯಜಿಸಿರುವೆವೆಂದು ಅನೇಕ ರಾಜ್ಯಗಳು ವಚನವಿತ್ತುವು, ಜಪಾನೂ ಅವುಗಳಲ್ಲೊಂದಾಗಿದ್ದಿತು. ಒಪ್ಪಂದವು ತ್ಯಜಿಸಿದ್ದು ಯುದ್ಧವನ್ನಷ್ಟೆ. ಆದಕಾರಣ ಯುದ್ಧವೆಂಬ ಹೆಸರನ್ನು ತಪ್ಪಿಸಿಕೊಂಡರೆ ವಚನಭಂಗವಾಗದೆಂಬ ಯುಕ್ತಿ ಅಲ್ಲಿಂದಲೇ ಹುಟ್ಟಿತು. 1931ರ ಸೆಪ್ಟೆಂಬರಿನಲ್ಲಿ ಮಂಚೂರಿಯವನ್ನು ಆಕ್ರಮಿಸತೊಡಗಿದ ಜಪಾನು ಅದನ್ನು ಒಂದು ‘ಪ್ರಸಂಗ’ವೆಂದು ಕರೆಯಿತು. ಹಿಂದೆ ವಂಗದೇಶದ ಗವರ್ನರಾಗಿದ್ದ ಲಾರ್ಡ್ ಲಿಟನ್ನನ ಅಧ್ಯಕ್ಷತೆಯಲ್ಲಿ ರಾಷ್ಟ್ರಸಂಘವು ಕಳುಹಿದ ಆಯೋಗವು ಆ ಕೃತ್ಯವನ್ನು ಆತ್ಮರಕ್ಷಣೆಯೆಂದು ಒಪ್ಪಲಿಲ್ಲ. ಸಂಘದ ಮಹಾಸಭೆಯು ಆಯೋಗದ ನಿರ್ಣಯವನ್ನು ಅಂಗೀಕರಿಸಲು, ಜಪಾನು 1933ರಲ್ಲಿ ಸಂಘವನ್ನೇ ಬಿಟ್ಟು ಹೊರನಡೆಯಿತು. 1937ರ ಜುಲೈಯಲ್ಲಿ ಪೀಕಿಂಗಿನ ಬಳಿ ಆರಂಭವಾಗಿ ಶಾಂಘೈ, ನಾನ್‌ಕಿಂಗುಗಳನ್ನು ಉರುಳಿಸಿದ ಮಹಾಸಂಗ್ರಾಮಕ್ಕೂ ಟೋಕಿಯೋ ಇಟ್ಟ ಹೆಸರು ‘ಚೀನದ ಪ್ರಸಂಗ’. ಲಕ್ಷಾಂತರ ಜನ ಸತ್ತರು. ನಾಲ್ಕು ವರ್ಷಕ್ಕೂ ಹೆಚ್ಚಾಗಿ ಹೋರಾಟ ನಡೆಯಿತು. ಆದರೂ ಯುದ್ಧಘೋಷಣೆಯೆಂಬುದು 1941ರ ಡಿಸೆಂಬರಿನವರೆಗೆ ಆಗಲಿಲ್ಲ. ಚೀನವೂ ಘೋಷಿಸದಿರಲು ಒಂದು ಕಾರಣವಿದ್ದಿತು: ಯುದ್ಧನಿರತವೆಂದು ಗುರುತಿಸಲ್ಪಟ್ಟ ರಾಜ್ಯಗಳಿಗೆ ಶಸ್ತ್ರ ಮಾರುವುದನ್ನು ಅಮೆರಿಕದ ತಾಟಸ್ಥ್ಯದ ಕಾಯಿದೆಗಳು ನಿಷೇಧಿಸಿದ್ದುವು. ಹೀಗೆ ಆಕ್ರಾಂತನು ಕೂಡ ತನ್ನ ಮನೆಯಲ್ಲಿ ಉರಿಯುತ್ತಿರುವ ಯುದ್ಧವನ್ನು ಹೆಸರಿಟ್ಟು ಕರೆಯಲಾರದ ದುರ್ದೆಸೆ ಬಂದಿತು.

ಈ ನಾಮವಂಚನೆಯ ಫಲವನ್ನು ಉಂಡವರು ಯಾರು? ಮುಖ್ಯವಾಗಿ, ಸೆರೆಸಿಕ್ಕಿದ ಚೀನೀ ಸೈನಿಕರು. ಯುದ್ಧವೇ ಇಲ್ಲದ ಮೇಲೆ ಯುದ್ಧಕೈದಿಗಳು ಎಲ್ಲಿಯವರು? ಅವರನ್ನು ದರೋಡೆಕಾರರೆಂದು ಬಗೆದರು. ಕೈದಿಗಳಿಗೆ ಸಲ್ಲತಕ್ಕ ರಕ್ಷಣೆ ಅವರಿಗೆ ಸಲ್ಲಲಿಲ್ಲ. ಇದನ್ನು ಕಲ್ಪಿಸಿ ಹೇಳುತ್ತಿಲ್ಲ. ಯುದ್ಧಾನಂತರ ಕುಳಿತ ಟೋಕಿಯೋ ನ್ಯಾಯಮಂಡಲಿಯು 1948ರ ತನ್ನ ತೀರ್ಪಿನಲ್ಲಿ, ಚೀನದಲ್ಲಿ ನಡೆದದ್ದು ಯುದ್ಧವಲ್ಲವೆಂಬ ನೆಪವನ್ನೇ ಹಿಡಿದು ಜಪಾನಿನ ಸೇನಾಧಿಕಾರಿಗಳು ಯುದ್ಧನಿಯಮಗಳು ಅಲ್ಲಿಗೆ ಅನ್ವಯಿಸವೆಂದು ಸಾಧಿಸುತ್ತ ಬಂದರೆಂಬುದನ್ನು ದಾಖಲೆಮಾಡಿತು. ಯುದ್ಧವೆಂಬ ಹೆಸರಿನ ನಿರಾಕರಣೆ ಬರಿಯ ಮಾತಿನ ಚಾತುರ್ಯವೆಂದು ತಿಳಿದವರು ಇದನ್ನು ಮನನಮಾಡಬೇಕು. ಹೆಸರನ್ನು ಕಿತ್ತುಕೊಂಡಾಗ ಅದರೊಡನೆ ಸೆರೆಯಾಳಿನ ಪ್ರಾಣರಕ್ಷೆಯೂ ಗಾಯಾಳುವಿನ ಹಕ್ಕೂ ಹೊರಟುಹೋಗುತ್ತವೆ.

ಎರಡನೆಯ ಮಹಾಯುದ್ಧದ ತರುವಾಯ ಲೋಕವು ಈ ಪಾಠವನ್ನು ಬರವಣಿಗೆಯಲ್ಲಿ ಒಪ್ಪಿಕೊಂಡಿತು. 1945ರ ಸಂಯುಕ್ತರಾಷ್ಟ್ರಗಳ ಸನ್ನದಿನ ಎರಡನೆಯ ಅನುಚ್ಛೇದವು, ಯುದ್ಧವೆಂಬ ಹೆಸರಿಗೆ ಜೋತುಬೀಳದೆ, ಬಲಪ್ರಯೋಗವನ್ನೂ ಬಲದ ಬೆದರಿಕೆಯನ್ನೂ ನಿಷೇಧಿಸಿತು. 1949ರ ಆಗಸ್ಟ್ 12ರ ನಾಲ್ಕು ಜಿನೀವಾ ಒಡಂಬಡಿಕೆಗಳಿಗೂ ಸಮಾನವಾದ ಎರಡನೆಯ ಅನುಚ್ಛೇದವು ಇನ್ನೂ ಸ್ಪಷ್ಟವಾಗಿ, ಘೋಷಿತವಾದ ಯುದ್ಧಕ್ಕೆ ಹೇಗೋ ಹಾಗೆಯೇ, ಯುದ್ಧಸ್ಥಿತಿಯನ್ನು ಪಕ್ಷಗಳಲ್ಲೊಂದು ಒಪ್ಪದಿದ್ದರೂ, ಒಡಂಬಟ್ಟ ರಾಜ್ಯಗಳ ನಡುವಣ ಯಾವ ಸಶಸ್ತ್ರ ಸಂಘರ್ಷಕ್ಕೇ ಆಗಲಿ ತನ್ನ ನಿಯಮಗಳು ಅನ್ವಯಿಸುವುವೆಂದು ಹೇಳಿತು. ರಣರಂಗದಲ್ಲಿ ಬಿದ್ದವನ ಮಟ್ಟಿಗೆ ಘೋಷಣಾಪತ್ರದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಇಂದು ಯಾವನಾದರೂ ಘೋಷಣೆಯಿಲ್ಲದ್ದು ಯುದ್ಧವಲ್ಲವೆಂದು ವಾದಿಸಿದರೆ, ಆತನು ತನ್ನ ದೇಶವೇ ಸಹಿಹಾಕಿದ ಧರ್ಮಕ್ಕೆ ವಿರೋಧವಾಗಿ ವಾದಿಸುತ್ತಿದ್ದಾನೆಂದು ತಿಳಿಯಬೇಕು.

ಈಗ ಅಮೆರಿಕದ ವಿಷಯಕ್ಕೆ ಬರೋಣ. ಆ ದೇಶವು ತನ್ನ ಚರಿತ್ರೆಯಲ್ಲಿ ವಿಧ್ಯುಕ್ತವಾಗಿ ಘೋಷಿಸಿದ ಯುದ್ಧಗಳು ಐದೇ: 1812ರಲ್ಲಿ ಬ್ರಿಟನ್ನಿನ ಮೇಲೆ, 1846ರಲ್ಲಿ ಮೆಕ್ಸಿಕೋದ ಮೇಲೆ, 1898ರಲ್ಲಿ ಸ್ಪೇಯಿನಿನ ಮೇಲೆ, ಬಳಿಕ ಎರಡು ಮಹಾಯುದ್ಧಗಳಲ್ಲಿ. 1942ರ ಜೂನಿನಲ್ಲಿ ಬಲ್ಗೇರಿಯ, ಹಂಗೆರಿ, ರುಮೇನಿಯಗಳ ಮೇಲೆ ಮಾಡಿದ ಘೋಷಣೆಯೇ ಕಡೆಯದು. 1950ರ ಜೂನ್ 25ರಂದು ಉತ್ತರ ಕೊರಿಯದ ಸೇನೆ ದಕ್ಷಿಣಕ್ಕೆ ನುಗ್ಗಲಾಗಿ, ಭದ್ರತಾಸಮಿತಿಯ ಕರೆಯಂತೆ ಅಧ್ಯಕ್ಷ ಟ್ರೂಮನ್ನರು ತಮ್ಮ ಪಡೆಗಳನ್ನು ಕಳುಹಿದರು, ನಾವು ಯುದ್ಧದಲ್ಲಿಲ್ಲವೆಂದರು, ಇದನ್ನು ಸಂಯುಕ್ತರಾಷ್ಟ್ರಗಳ ಪರವಾದ ಪೊಲೀಸ್ ಕಾರ್ಯಾಚರಣೆಯೆನ್ನಬಹುದೆ ಎಂದು ಪತ್ರಕರ್ತರೊಬ್ಬರು ಕೇಳಿದುದಕ್ಕೆ ಹೌದೆಂದು ತಲೆಯೊಲೆದರು. ಆ ಕಾರ್ಯಾಚರಣೆಯು ಮೂರು ವರ್ಷ ನಡೆದು, ಅಮೆರಿಕದವರೇ 36,000ಕ್ಕೂ ಮಿಕ್ಕು ಮಡಿದು, ಕೊರಿಯದ ಮತ್ತು ಚೀನದ ಜನ ಲಕ್ಷಗಟ್ಟಲೆ ಅಳಿದು, 1953ರ ಜುಲೈ 27ರಂದು ಪಾನ್‌ಮುಂಜೋಮಿನ ಕದನವಿರಾಮದಲ್ಲಿ ನಿಂತಿತು.

ಆ ಹೋರಾಟದ ಅಂತ್ಯದಲ್ಲಿ ನಮ್ಮವರೊಬ್ಬರಿಗೆ ಬಂದ ಹೊಣೆಯನ್ನು ಕನ್ನಡಿಗರು ನೆನೆಯತಕ್ಕದ್ದು. ಸ್ವದೇಶಕ್ಕೆ ಹಿಂದಿರುಗಲೊಲ್ಲದ ಸೆರೆಯಾಳುಗಳ ಇತ್ಯರ್ಥಕ್ಕಾಗಿ ಏರ್ಪಟ್ಟ ತಟಸ್ಥರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು ಅಧ್ಯಕ್ಷರಾದರು, ಭಾರತದ ರಕ್ಷಕಪಡೆಯು 22,000ಕ್ಕೂ ಹೆಚ್ಚು ಸೆರೆಯಾಳುಗಳ ಪಾಲನೆಯನ್ನು ವಹಿಸಿಕೊಂಡಿತು. ಎರಡು ಪಕ್ಷಗಳ ದ್ವೇಷದ ನಡುವೆ, ಶಿಬಿರಗಳ ದಂಗೆಗಳ ನಡುವೆ, ತಾಳ್ಮೆಗೆಡದೆ ಅವರು ನಡಸಿದ ಕಾರ್ಯದಿಂದ ಒಂದು ಗುಂಡನ್ನೂ ಶತ್ರುವಿನ ಮೇಲೆ ಹಾರಿಸದೆಯೇ ಭಾರತದ ಹೆಸರು ಲೋಕದಲ್ಲಿ ಮೇಲಾಯಿತು. ಯುದ್ಧವಲ್ಲವೆಂದು ಹೇಳಲಾದ ಆ ಕಾರ್ಯದಲ್ಲಿ ಸೆರೆಯಾಳುಗಳು ಮಾತ್ರ ನಿಜವಾದ ಯುದ್ಧಕೈದಿಗಳಾಗಿದ್ದರು. ಅವರನ್ನು ಯುದ್ಧಕೈದಿಗಳೆಂದೇ ಭಾವಿಸಿ ಜಿನೀವಾ ಧರ್ಮದ ಆಧಾರದಿಂದಲೇ ಎರಡು ಪಕ್ಷಗಳೂ ವರ್ಷಾವಧಿ ವಾದಿಸಿದುವು.

ವಿಯೆಟ್ನಾಮಿನ ಕಥೆ ಇದಕ್ಕಿಂತಲೂ ದುಃಖಕರ. 1964ರ ಆಗಸ್ಟಿನಲ್ಲಿ ಟೊಂಕಿನ್ ಕೊಲ್ಲಿಯಲ್ಲಿ ತನ್ನ ಹಡಗುಗಳ ಮೇಲೆ ಎರಡು ಬಾರಿ ದಾಳಿಯಾಯಿತೆಂದು ಅಮೆರಿಕದ ಸರ್ಕಾರವು ತಿಳಿಸಿತು. ಅದನ್ನು ನಂಬಿ ಕಾಂಗ್ರೆಸ್ಸು ಅಧ್ಯಕ್ಷರಿಗೆ ವಿಶಾಲಾಧಿಕಾರ ಕೊಡುವ ನಿರ್ಣಯವನ್ನು ಅಂಗೀಕರಿಸಿತು. ಕೆಳಮನೆಯಲ್ಲಿ ವಿರೋಧದ ಮತ ಒಂದೂ ಬೀಳಲಿಲ್ಲ. ಸೆನೆಟ್ಟಿನಲ್ಲಿ ವೇಯ್ನ್ ಮೋರ್ಸ್, ಅರ್ನೆಸ್ಟ್ ಗ್ರೂನಿಂಗ್ ಎಂಬಿಬ್ಬರು ಮಾತ್ರ ಎದುರು ನಿಂತರು. ಆ ಎರಡನೆಯ ದಾಳಿಯು ನಡೆದೇ ಇರಲಿಲ್ಲವೆಂಬುದು ಅಮೆರಿಕದ ಸರ್ಕಾರದ ಗುಪ್ತದಾಖಲೆಗಳಿಂದಲೇ ಮುಂದೆ ಸ್ಪಷ್ಟವಾಯಿತು. ಹಾಗೆ ಪಡೆದ ನಿರ್ಣಯದ ಆಧಾರದಿಂದ ಐದು ಲಕ್ಷಕ್ಕೂ ಮೀರಿದ ಸೈನ್ಯವು ಅಲ್ಲಿ ನೆಲೆಸಿತು. 58,000ಕ್ಕೂ ಹೆಚ್ಚು ಅಮೆರಿಕದವರು ಸತ್ತರು. ವಿಯೆಟ್ನಾಮಿನ ಮೃತರನ್ನು ಲಕ್ಷಗಳ ಲೆಕ್ಕದಲ್ಲಿ ಹೇಳಬೇಕು. 1973ರ ಜನವರಿಯಲ್ಲಿ ಪ್ಯಾರಿಸಿನ ಒಪ್ಪಂದವಾಯಿತು. 1975ರ ಏಪ್ರಿಲ್ 30ರಂದು ಸಾಯಿಗಾನ್ ಪತನವಾಯಿತು. ಹತ್ತು ವರ್ಷದ ಈ ಸಂಹಾರಕಾರ್ಯಕ್ಕೆ ಯುದ್ಧವೆಂಬ ಹೆಸರು ಸಲ್ಲದೆಂದರೆ ಆ ಹೆಸರು ಮತ್ತಾವುದಕ್ಕೆ ಸಲ್ಲಬೇಕು?

ಈ ಅಸ್ಪಷ್ಟತೆಯ ತೊಡಕನ್ನು ಅಮೆರಿಕದ ನ್ಯಾಯಾಲಯಗಳೇ ಅನುಭವಿಸಿದುವು. ಅಲ್ಲಿಯ ಸೈನಿಕ ಮೇಲ್ಮನವಿ ನ್ಯಾಯಾಲಯವು 1968ರಲ್ಲಿ ಆಂಡರ್ಸನ್ ಎಂಬ ಸೈನಿಕನ ಮೊಕದ್ದಮೆಯಲ್ಲಿ ವಿಯೆಟ್ನಾಮಿನ ಕಾಲವು ಯುದ್ಧಕಾಲವೇ ಸರಿಯೆಂದು ತೀರ್ಮಾನಿಸಿತು. ಎರಡು ವರ್ಷಗಳಾದ ಮೇಲೆ ಅವೆರೆಟ್ ಎಂಬ ನಾಗರಿಕನ ಮೊಕದ್ದಮೆಯಲ್ಲಿ, ಸೇನೆಯ ಜೊತೆಗಿರುವ ನಾಗರಿಕರನ್ನು ಸೈನಿಕ ನ್ಯಾಯಾಲಯಕ್ಕೆ ಒಳಪಡಿಸಬೇಕಾದರೆ ಯುದ್ಧವು ಕಾಂಗ್ರೆಸ್ಸಿನಿಂದ ಘೋಷಿತವಾಗಿರಬೇಕೆಂದಿತು. ಒಂದೇ ನೆಲ, ಒಂದೇ ಹೋರಾಟ, ಒಂದೇ ನ್ಯಾಯಪೀಠ. ಒಬ್ಬನಿಗೆ ಅದು ಯುದ್ಧ, ಮತ್ತೊಬ್ಬನಿಗೆ ಅಲ್ಲ. ನ್ಯಾಯಮೂರ್ತಿಗಳ ವಿವೇಕದಲ್ಲಿ ಕೊರತೆಯಿದ್ದಿತೆಂದು ನಾನು ಹೇಳುವುದಿಲ್ಲ. ನಾಗರಿಕನ ಹಕ್ಕನ್ನು ಕಾಪಾಡುವ ಕಡೆಗೆ ಅವರು ವಾಲಿದುದು ಶ್ಲಾಘ್ಯವೇ. ರಾಜ್ಯವು ತಾನು ಮಾಡುತ್ತಿರುವುದೇನೆಂಬುದನ್ನು ಹೇಳದೆ ಹೋದಾಗ ಆ ದೇಶದ ನ್ಯಾಯವೇ ಇಬ್ಬಗೆಯಾಗುತ್ತದೆಂಬುದಕ್ಕೆ ಇದು ನಿದರ್ಶನ. ಇನ್ನು ಹನಾಯಿಯಲ್ಲಿ ಸೆರೆಯಾದ ಅಮೆರಿಕದ ವೈಮಾನಿಕರನ್ನು ಯುದ್ಧಕೈದಿಗಳೆಂದು ಒಪ್ಪದೆ ಅಪರಾಧಿಗಳೆಂದು ಉತ್ತರ ವಿಯೆಟ್ನಾಮು ಹೇಳಿತು; ಅದರ ವಾದಗಳಲ್ಲಿ ಯುದ್ಧಘೋಷಣೆಯ ಅಭಾವವೂ ಸೇರಿದ್ದಿತು. ಆ ವಾದ ಅಧರ್ಮವಾದುದು, ಜಿನೀವಾ ಒಡಂಬಡಿಕೆಗೆ ವಿರುದ್ಧವಾದುದು. ಆದರೆ ಅದೇ ವಾದವನ್ನು ಸ್ವದೇಶದಲ್ಲಿ ಹೆಮ್ಮೆಗಾಗಿ ಬಳಸಿಕೊಳ್ಳುವವರಿಗೆ ಹನಾಯಿಯ ಸೆರೆಮನೆಯಲ್ಲಿ ನರಳಿದ ತಮ್ಮ ಮಕ್ಕಳ ಪರವಾಗಿ ಅದನ್ನು ಖಂಡಿಸುವ ನೈತಿಕ ಬಲವೆಲ್ಲಿಯದು?

‘ಎಂದೂ ಸೋತಿಲ್ಲ’ವೆಂಬ ಹೆಮ್ಮೆಗೆ ಇನ್ನೊಂದು ದೋಷವುಂಟು, ಅದು ಲೆಕ್ಕದ ಪ್ರಾಮಾಣಿಕತೆಗೆ ಸಂಬಂಧಪಟ್ಟದ್ದು. 1991ರಲ್ಲಿ ಇರಾಕಿನ ಸೇನೆಯನ್ನು ಕುವೈತಿನಿಂದ ಹೊರಡಿಸಿದ್ದನ್ನು ಅಮೆರಿಕದವರೆಲ್ಲರೂ ಯುದ್ಧವೆಂದೇ ಕರೆದರು, ವಿಜಯವೆಂದೇ ಕೊಂಡಾಡಿದರು. ಅದಕ್ಕೂ ಕಾಂಗ್ರೆಸ್ಸಿನ ಅನುಮತಿ ಇದ್ದಿತೇ ಹೊರತು ಯುದ್ಧಘೋಷಣೆ ಇರಲಿಲ್ಲ. ಗೆದ್ದದ್ದನ್ನು ಅನುಮತಿಯ ಬಲದಿಂದ ಯುದ್ಧಗಳ ಪಟ್ಟಿಗೆ ಸೇರಿಸಿ, ಸೋತದ್ದನ್ನು ಘೋಷಣೆಯ ಅಭಾವದಿಂದ ಪಟ್ಟಿಯಿಂದ ತೆಗೆದುಹಾಕುವುದು ಯಾವ ನ್ಯಾಯ? ಒಂದೇ ಅಳತೆಗೋಲನ್ನು ಹಿಡಿದರೆ ವಿಯೆಟ್ನಾಮಿನ ಸೋಲಿನೊಡನೆ ಕುವೈತಿನ ವಿಜಯವನ್ನೂ ಬಿಡಬೇಕು. ಇಲ್ಲವೆ ಎರಡನ್ನೂ ಒಪ್ಪಬೇಕು. ಇಷ್ಟಾಗಿಯೂ ಅಮೆರಿಕದ ಸಮಾಜವು ಈ ವಿಷಯದಲ್ಲಿ ತನ್ನ ವಾಗ್ಮಿಗಳಿಗಿಂತ ಸತ್ಯನಿಷ್ಠವಾಗಿ ನಡೆದುಕೊಂಡಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 1971ರಲ್ಲಿ ಅಲ್ಲಿಯ ಪತ್ರಿಕೆಗಳು ವಿಯೆಟ್ನಾಮ್ ಯುದ್ಧದ ಗುಪ್ತಚರಿತ್ರೆಯನ್ನು ಪ್ರಕಟಿಸಿದುವು, ಸರ್ವೋಚ್ಚ ನ್ಯಾಯಾಲಯವು ಅವುಗಳನ್ನು ತಡೆಯಲು ಒಪ್ಪಲಿಲ್ಲ. 1973ರಲ್ಲಿ ಕಾಂಗ್ರೆಸ್ಸು ಅಧ್ಯಕ್ಷ ನಿಕ್ಸನ್ನರ ನಿಷೇಧವನ್ನು ಮೀರಿ, ಸೇನೆಯನ್ನು ತೊಡಗಿಸಿದ 48 ಗಂಟೆಗಳೊಳಗೆ ತನಗೆ ವರದಿಯಾಗಬೇಕು, ತನ್ನ ಸಮ್ಮತಿ ದೊರೆಯದಿದ್ದರೆ 60 ದಿನಗಳಲ್ಲಿ ಹೋರಾಟ ನಿಲ್ಲಬೇಕು ಎಂಬ ಶಾಸನವನ್ನು ಮಾಡಿತು. ವಿಯೆಟ್ನಾಮಿನಿಂದ ಕುಂದಿದ ಆ ದೇಶದ ಮರ್ಯಾದೆ ಎಷ್ಟರಮಟ್ಟಿಗೆ ಮತ್ತೆ ಚೇತರಿಸಿತೋ ಅದು ಇಂಥ ಆತ್ಮಪರೀಕ್ಷೆಯಿಂದ ಚೇತರಿಸಿತು.

ಇಲ್ಲಿ ಎರಡನೆಯ ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕು. ರಾಷ್ಟ್ರದ ಮರ್ಯಾದೆಯೆಂದರೇನು? ಅದರಲ್ಲಿ ಬಲದ ಅಂಶವೊಂದುಂಟು. ಹಗೆಗೆ ಭಯವನ್ನೂ ಸ್ನೇಹಿತನಿಗೆ ಭರವಸೆಯನ್ನೂ ಹುಟ್ಟಿಸುವ ಸಾಮರ್ಥ್ಯ ಅದು. ಆದರೆ ಅದಕ್ಕಿಂತ ಹಿರಿದಾದ ಅಂಶವೆಂದರೆ, ಆ ದೇಶದ ಮಾತಿನಲ್ಲಿ ಇತರರಿಗಿರುವ ನಂಬಿಕೆ, ಅದರ ನಡತೆಯಲ್ಲಿ ನ್ಯಾಯವುಂಟೆಂಬ ವಿಶ್ವಾಸ. ಬಲವು ರಣರಂಗದಲ್ಲಿ ಕುಗ್ಗಬಹುದು, ಮತ್ತೆ ಬೆಳೆಯಬಹುದು. ನಂಬಿಕೆಯು ಒಮ್ಮೆ ಮುರಿದರೆ ಗೆಲುವು ಕೂಡ ಅದನ್ನು ಬೆಸೆಯಲಾರದು. ಇದಕ್ಕೆ ಸೂಯೆಜಿಗಿಂತ ಒಳ್ಳೆಯ ದೃಷ್ಟಾಂತವಿಲ್ಲ. 1956ರ ಜುಲೈಯಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದ ಮೇಲೆ, ಬ್ರಿಟನ್, ಫ್ರಾನ್ಸ್, ಇಸ್ರೇಲುಗಳು ಸೇವ್ರ್ ಎಂಬಲ್ಲಿ ಗುಟ್ಟಾಗಿ ಕೂಡಿ, ಇಸ್ರೇಲು ಮೊದಲು ನುಗ್ಗತಕ್ಕದ್ದು, ಮಿಕ್ಕಿಬ್ಬರು ಕಾಲುವೆಯ ರಕ್ಷಣೆಯ ನೆಪದಿಂದ ನಡುವೆ ಬರತಕ್ಕದ್ದು ಎಂದು ಸಂಕೇತಮಾಡಿಕೊಂಡರು. ಬಾಂಬುಗಳು ಬೀಳುತ್ತಿದ್ದಾಗಲೂ ಬ್ರಿಟನ್ನಿನ ಪ್ರಧಾನಮಂತ್ರಿ ಈಡನ್ನರು, ಇದು ಯುದ್ಧವಲ್ಲ, ಸಶಸ್ತ್ರ ಸಂಘರ್ಷ ಮಾತ್ರ ಎಂದರು. ಇಸ್ರೇಲಿನ ದಾಳಿಯ ಮುನ್ನರಿವು ತಮಗಿರಲಿಲ್ಲವೆಂದು ಡಿಸೆಂಬರಿನಲ್ಲಿ ತಮ್ಮ ಪಾರ್ಲಿಮೆಂಟಿಗೇ ಹೇಳಿದರು. ಸೈನಿಕದೃಷ್ಟಿಯಿಂದ ಆ ಕಾರ್ಯವು ಸೋಲಾಗಿರಲಿಲ್ಲ. ಪೋರ್ಟ್ ಸೈಯ್ಯದ್ ಅವರ ಕೈವಶವಾಗಿದ್ದಿತು. ಆದರೂ ವಾರವೊಂದರಲ್ಲಿ ಕೈಬಿಡಬೇಕಾಯಿತು. ಈಡನ್ನರು ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಬ್ರಿಟನ್ನಿಗೆ ಲೋಕದಲ್ಲಿದ್ದ ಪೂರ್ವದ ಗೌರವ ಮತ್ತೆ ಬರಲಿಲ್ಲ. ಆ ಹೋರಾಟಕ್ಕೆ ಯುದ್ಧವೆಂಬ ಹೆಸರಿಲ್ಲದಿದ್ದುದು ಅವರ ಮರ್ಯಾದೆಯನ್ನು ಎಳ್ಳಷ್ಟೂ ಉಳಿಸಲಿಲ್ಲ.

ಫ್ರಾನ್ಸಿನ ಉದಾಹರಣೆಯಲ್ಲಿ ಬೇರೊಂದು ಪಾಠವಿದೆ. ಅಲ್ಜೀರಿಯವು ಫ್ರಾನ್ಸಿನ ಅಂಗವೇ ಎಂಬ ಸಿದ್ಧಾಂತವಿದ್ದುದರಿಂದ, 1954ರಿಂದ 1962ರವರೆಗಿನ ಸ್ವಾತಂತ್ರ್ಯಸಂಗ್ರಾಮವನ್ನು ಯುದ್ಧವೆಂದರೆ ಎದುರಿಗೊಂದು ರಾಷ್ಟ್ರವಿದೆಯೆಂದು ಒಪ್ಪಿದಂತಾಗುತ್ತಿತ್ತು. ಆದ್ದರಿಂದ ಅದನ್ನು ಶಾಂತಿಪಾಲನೆಯ ಕಾರ್ಯಗಳೆಂದು ಕರೆದರು. ಹತ್ತು ಲಕ್ಷಕ್ಕೂ ಮೀರಿದ ತರುಣರನ್ನು ಕಡ್ಡಾಯಸೇವೆಯ ಹೆಸರಿನಲ್ಲಿ ಅಲ್ಲಿಗೆ ಕಳುಹಿದರು. ಸುಮಾರು 25,000 ಫ್ರೆಂಚ್ ಸೈನಿಕರು ಮಡಿದರು. ಅಲ್ಜೀರಿಯದವರ ಸಾವು ಅದಕ್ಕೆ ಅನೇಕ ಪಟ್ಟು. ಯುದ್ಧನಿಯಮಗಳ ಅಂಕೆ ತಪ್ಪಿದ ಆ ‘ಶಾಂತಿಪಾಲನೆ’ಯಲ್ಲಿ ಚಿತ್ರಹಿಂಸೆಯು ಪದ್ಧತಿಯಾಗಿಬಿಟ್ಟಿತು, ಅದನ್ನು ಪ್ರತಿಭಟಿಸಿ ತನ್ನ ಅಧಿಕಾರವನ್ನು ಬಿಟ್ಟುಕೊಡಲು ಮುಂದಾದ ಜನರಲ್ ದ ಬೊಲ್ಲಾರ್ದಿಯೇರನನ್ನು 1957ರಲ್ಲಿ ಕೋಟೆಯ ಸೆರೆವಾಸಕ್ಕೆ ಗುರಿಮಾಡಿದರು. ನಡೆದದ್ದು ಅಲ್ಜೀರಿಯದ ಯುದ್ಧವೆಂದು ಫ್ರೆಂಚ್ ಪಾರ್ಲಿಮೆಂಟು ಶಾಸನರೂಪವಾಗಿ ಒಪ್ಪಿದ್ದು 1999ರ ಅಕ್ಟೋಬರಿನಲ್ಲಿ. ಮೂವತ್ತೇಳು ವರ್ಷಗಳ ಕಾಲ ಒಂದು ದೊಡ್ಡ ರಾಷ್ಟ್ರವು, ತಾನೇ ಕಳುಹಿದ ಯೋಧರಿಗೆ ನೀವು ಯುದ್ಧಮಾಡಿದಿರೆಂದು ಹೇಳಲಾರದೆ ಕುಳಿತಿದ್ದಿತು. ಕಡೆಗೆ ಸತ್ಯವನ್ನು ಹೇಳಿದಾಗ ಫ್ರಾನ್ಸಿನ ಗೌರವವೇನೂ ಕುಗ್ಗಲಿಲ್ಲ.

ಈ ವಿಚಾರಕ್ಕೆ ವಿರೋಧವಾಗಿ ಹೇಳತಕ್ಕ ಪ್ರಬಲವಾದ ಮಾತೊಂದುಂಟು, ಅದನ್ನು ಅಲಕ್ಷ್ಯಮಾಡಲಾಗದು. ಘೋಷಣೆಯು ಮನಸ್ಸುಗಳನ್ನು ಕೆರಳಿಸುತ್ತದೆ, ಸಂಧಿಯ ಬಾಗಿಲನ್ನು ಮುಚ್ಚುತ್ತದೆ, ಮಿತ್ರರಾಜ್ಯಗಳನ್ನು ಒಂದೊಂದಾಗಿ ಕಣಕ್ಕೆ ಎಳೆಯುತ್ತದೆ; 1914ರ ಬೇಸಗೆಯಲ್ಲಿ ಯೂರೋಪಿನ ರಾಜ್ಯಗಳು ವಿಧಿವತ್ತಾಗಿ ಘೋಷಣೆಯ ಮೇಲೆ ಘೋಷಣೆ ಮಾಡಿ ಪ್ರಳಯಕ್ಕೆ ಹಾರಿದುವಲ್ಲವೆ? ಟ್ರೂಮನ್ನರು ಕೊರಿಯದ ಹೋರಾಟವನ್ನು ಚೀನ, ರಷ್ಯಗಳ ಮೇಲಣ ಮಹಾಯುದ್ಧವಾಗದಂತೆ ತಡೆಯಬೇಕೆಂದೇ ಸಂಯಮದ ಮಾತನ್ನಾಡಿದರು; ಅದನ್ನು ಹಿಗ್ಗಿಸಬೇಕೆಂದ ಜನರಲ್ ಮೆಕಾರ್ಥರನನ್ನು 1951ರ ಏಪ್ರಿಲಿನಲ್ಲಿ ಪದಚ್ಯುತಗೊಳಿಸಿದರು. ಇದೆಲ್ಲ ನಿಜ. ಘೋಷಣೆಯೇ ಧರ್ಮವೆಂದೂ, ಘೋಷಿಸಿದ ಯುದ್ಧವೆಲ್ಲ ನ್ಯಾಯ್ಯವೆಂದೂ ನಾನು ಹೇಳುವುದಿಲ್ಲ. ಆದರೆ ಟ್ರೂಮನ್ನರ ಉದಾಹರಣೆಯಲ್ಲಿ ಲೋಕವನ್ನು ಕಾಪಾಡಿದ್ದು ಯಾವುದು? ಹೋರಾಟಕ್ಕೆ ಹಾಕಿಕೊಂಡ ಮೇರೆ, ಆ ಮೇರೆಯನ್ನು ಮೀರಹೊರಟ ಸೇನಾನಿಯನ್ನು ನಿಗ್ರಹಿಸಿದ ಧೈರ್ಯ. ಸಂಯಮವು ಕೃತ್ಯದಲ್ಲಿರತಕ್ಕ ಗುಣ. ಹೋರಾಟವನ್ನು ಸೀಮಿತವಾಗಿಡುವುದಕ್ಕೂ ಅದು ಹೋರಾಟವೆಂಬುದನ್ನು ಮುಚ್ಚಿಡುವುದಕ್ಕೂ ಯಾವ ಅವಿನಾಭಾವ ಸಂಬಂಧವೂ ಇಲ್ಲ.

ನಮ್ಮದೇ ಅನುಭವ ಇದನ್ನು ಸಮರ್ಥಿಸುತ್ತದೆ. 1999ರ ಬೇಸಗೆಯಲ್ಲಿ ಕಾರ್ಗಿಲಿನ ಶಿಖರಗಳಲ್ಲಿ ನಡೆದ ಸಂಗ್ರಾಮವೂ ಅಘೋಷಿತವೇ. 527 ಮಂದಿ ಯೋಧರನ್ನು ಕಳೆದುಕೊಂಡರೂ ಭಾರತವು ನಿಯಂತ್ರಣ ರೇಖೆಯನ್ನು ದಾಟಲಿಲ್ಲ. ತಾನು ಕಾದುತ್ತಿರುವೆನೆಂಬುದನ್ನು ಮರೆಮಾಚಲೂ ಇಲ್ಲ. ಮಡಿದವರ ಶರೀರಗಳು ಅವರವರ ಊರುಗಳಿಗೆ ಗೌರವದಿಂದ ಬಂದುವು. ಎದುರು ಪಕ್ಷವಾದ ಪಾಕಿಸ್ತಾನವು, ಅಲ್ಲಿರುವವರು ತನ್ನ ಸೈನಿಕರಲ್ಲ, ಮುಜಾಹಿದೀನರೆಂದು ಸಾಧಿಸಿತು; ಅದರ ಫಲವಾಗಿ ತನ್ನ ಯೋಧರಲ್ಲಿ ಅನೇಕರ ಮೃತದೇಹಗಳನ್ನೇ ಸ್ವೀಕರಿಸದೆ ಹೋಯಿತು; ಭಾರತದ ಸೈನಿಕರೇ ಅವರಿಗೆ ಇಸ್ಲಾಮೀ ವಿಧಿಯಿಂದ ಅಂತ್ಯಕ್ರಿಯೆ ಮಾಡಿದರು. ಮುಂದೆ ಅದೇ ಪಾಕಿಸ್ತಾನವು ಅಲ್ಲಿ ಮಡಿದ ಕರ್ನಲ್ ಶೇರ್ ಖಾನ್, ಲಾಲಕ್ ಜಾನ್ ಎಂಬಿಬ್ಬರಿಗೆ ತನ್ನ ಪರಮೋಚ್ಚ ಶೌರ್ಯಪದಕವನ್ನು ಕೊಟ್ಟಿತು. ಲೋಕದ ಅಭಿಪ್ರಾಯ ಆ ವರ್ಷ ಯಾವ ಕಡೆಗೆ ತಿರುಗಿತೆಂಬುದು ಎಲ್ಲರಿಗೂ ತಿಳಿದದ್ದೇ. ಘೋಷಣೆ ಎರಡು ಪಕ್ಷಕ್ಕೂ ಇರಲಿಲ್ಲ. ತನ್ನ ಕೃತ್ಯವನ್ನು ತನ್ನದೆಂದು ಒಪ್ಪಿದ ಪಕ್ಷಕ್ಕೆ ಗೌರವ ಬಂದಿತು.

ಆದರೆ ಪರರ ದೋಷವನ್ನು ಎಣಿಸುವ ಕೈ ಸ್ವಂತ ಲೆಕ್ಕದ ಮುಂದೆ ನಿಲ್ಲಬಾರದು. 1962ರ ಅಕ್ಟೋಬರ್ 20ರಿಂದ ಒಂದು ತಿಂಗಳು ಹಿಮಾಲಯದಲ್ಲಿ ನಡೆದದ್ದು ಘೋಷಿತವಾದ ಯುದ್ಧವಲ್ಲ. ಚೀನದೊಡನೆ ರಾಯಭಾರಸಂಬಂಧ ಪೂರ್ತಿಯಾಗಿ ಕಡಿದುಹೋಗಲೂ ಇಲ್ಲ. ಹಾಗೆಂದು ಅದು ನಮ್ಮ ಸೋಲಲ್ಲವೆಂದು ಯಾವ ವಿವೇಕಿಯೂ ಹೇಳಲಿಲ್ಲ. ನವೆಂಬರ್ 8ರಂದು, ಹೋರಾಟ ನಡೆಯುತ್ತಿರುವಾಗಲೇ, ಪಾರ್ಲಿಮೆಂಟು ಸೇರಿತು. ಸರ್ಕಾರದ ತಪ್ಪುಗಳನ್ನು ಸದಸ್ಯರು ಅಲ್ಲಿ ಎದುರೆದುರಾಗಿ ವಿಮರ್ಶಿಸಿದರು. ಅಷ್ಟರಲ್ಲಿಯೇ ರಕ್ಷಣಾಮಂತ್ರಿ ಕೃಷ್ಣ ಮೆನನ್ನರು ಅಧಿಕಾರ ಬಿಡಬೇಕಾಗಿ ಬಂದಿದ್ದಿತು. ಇದು ನಮ್ಮ ಪ್ರಜಾಪ್ರಭುತ್ವಕ್ಕೆ ಭೂಷಣ. ಆದರೆ ಅದೇ ಅಘೋಷಿತ ಯುದ್ಧದ ನೆಪದಿಂದ ಸುಮಾರು 3,000 ಮಂದಿ ಚೀನೀ ಮೂಲದ ಜನರನ್ನು, ಅವರಲ್ಲಿ ಈ ನೆಲದಲ್ಲಿಯೇ ಹುಟ್ಟಿದವರೂ ಇದ್ದರು, ಮಕ್ಕಳುಮುದುಕರೆನ್ನದೆ ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಕೂಡಿಹಾಕಿದೆವು. ತುರ್ತುಪರಿಸ್ಥಿತಿಯನ್ನು 1968ರ ಜನವರಿಯವರೆಗೆ ಎಳೆದೆವು. ಸೋಲಿನ ಕಾರಣಗಳನ್ನು ವಿಚಾರಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಗುಟ್ಟಾಗಿಟ್ಟೆವು. 1987ರಿಂದ 1990ರವರೆಗೆ ಶಾಂತಿಪಾಲನೆಯ ಹೆಸರಿನಿಂದ ಶ್ರೀಲಂಕೆಗೆ ಹೋದ ನಮ್ಮ ಸೇನೆಯು ಸುಮಾರು 1,200 ಮಂದಿಯನ್ನು ಕಳೆದುಕೊಂಡು ಹಿಂದಿರುಗಿತು. ಹೆಸರಿನಲ್ಲಿ ಶಾಂತಿಯಿದ್ದುದರಿಂದ ಆ ಯೋಧರ ತ್ಯಾಗಕ್ಕೆ ಜನಮನದಲ್ಲಿ ದೊರೆಯಬೇಕಾದ ಸ್ಥಾನ ಬಹುಕಾಲ ದೊರೆಯಲಿಲ್ಲ. ಈ ಸಂಗತಿಗಳನ್ನು ಬಾಯಿಬಿಟ್ಟು ಹೇಳುವುದರಿಂದ ದೇಶದ ಮಾನ ಹೋಗದು, ಹೇಳದಿರುವುದರಿಂದಲೇ ಹೋದೀತು.

ಹೆಸರಿನ ಭಯವು ಯಾವ ಅತಿರೇಕಕ್ಕೆ ಹೋಗಬಲ್ಲುದೆಂಬುದನ್ನು ನಮ್ಮ ಕಾಲ ನೋಡಿದೆ. 2022ರ ಫೆಬ್ರವರಿ 24ರಂದು ರಷ್ಯವು ಉಕ್ರೇನಿನ ಮೇಲೆ ನುಗ್ಗಿ, ಅದನ್ನು ‘ವಿಶೇಷ ಸೈನಿಕ ಕಾರ್ಯಾಚರಣೆ’ಯೆಂದು ಕರೆಯಿತು, ಕೆಲವೇ ದಿನಗಳಲ್ಲಿ, ಸೇನೆಯ ವಿಷಯವಾಗಿ ಸುಳ್ಳುಸುದ್ದಿ ಹರಡಿದವರಿಗೆ ಹದಿನೈದು ವರ್ಷದವರೆಗೆ ಸೆರೆವಾಸವೆಂಬ ಶಾಸನ ಬಂದು, ಯುದ್ಧವನ್ನು ಯುದ್ಧವೆಂದು ಕರೆದು ಖಂಡಿಸುವುದೇ ಪ್ರಜೆಗೆ ಅಪಾಯಕರವಾಯಿತು. ನಗರಗಳು ಬೂದಿಯಾಗುತ್ತಿರುವುದನ್ನು ಲೋಕವೆಲ್ಲ ಕಣ್ಣಾರೆ ಕಾಣುತ್ತಿರುವಾಗ ಆ ಹೆಸರಿನಿಂದ ಮೋಸಹೋದವರು ಯಾರು? ಪರರನ್ನು ವಂಚಿಸಲಾರದ ಅಸತ್ಯವು ಸ್ವಜನರ ಬಾಯನ್ನು ಮಾತ್ರ ಕಟ್ಟುತ್ತದೆ.

ಇದೆಲ್ಲದರಿಂದ ನಾವು ತೆಗೆಯಬೇಕಾದ ತೀರ್ಮಾನ ಇದು. ಯುದ್ಧವನ್ನು ಯುದ್ಧವಾಗಿ ಮಾಡುವುದು ರಾಜ್ಯದ ಆಜ್ಞೆಯಿಂದ ಸಂಘಟಿತವಾಗಿ ನಡೆಯುವ ಸಶಸ್ತ್ರಹಿಂಸೆ. ಘೋಷಣೆಯು ಆ ಹಿಂಸೆಗೆ ಹೊಣೆಗಾರರಾರೆಂಬುದನ್ನು ತಿಳಿಸುವ ವಿಧಾನ. ವಿಧಾನವನ್ನು ಬಿಟ್ಟಮಾತ್ರಕ್ಕೆ ಹಿಂಸೆ ಇಲ್ಲವಾಗದು, ಹೊಣೆಯೂ ಕಳೆಯದು. ಹಳೆಯ ಬಗೆಯ ಘೋಷಣಾಪತ್ರಗಳ ಕಾಲ ಮುಗಿದಿರಬಹುದು. ಬಲಪ್ರಯೋಗವೇ ನಿಷಿದ್ಧವಾದ ಲೋಕದಲ್ಲಿ ಅವು ಮತ್ತೆ ರೂಢಿಗೆ ಬರಬೇಕೆಂದು ಯಾರೂ ಹಾರೈಸಬೇಕಾಗಿಲ್ಲ. ಆದರೆ ಘೋಷಣೆಯೊಳಗಿದ್ದ ತಿರುಳು, ಎಂದರೆ ಕಾರಣವನ್ನು ಬಹಿರಂಗವಾಗಿ ಹೇಳುವುದು, ಜನಪ್ರತಿನಿಧಿಗಳ ಮುಂದೆ ನಿಂತು ಅನುಮತಿ ಬೇಡುವುದು, ಸತ್ತವರನ್ನು ತನ್ನವರೆಂದು ಒಪ್ಪುವುದು, ಸೆರೆಸಿಕ್ಕವನ ಹಕ್ಕನ್ನು ಮನ್ನಿಸುವುದು, ಇವು ಎಂದಿಗೂ ಕಾಲಬಾಹಿರವಾಗತಕ್ಕವಲ್ಲ. ನಮ್ಮ ಸಂವಿಧಾನವು ಯುದ್ಧ ಮತ್ತು ಶಾಂತಿಯನ್ನು ಕೇಂದ್ರಪಟ್ಟಿಯ ಹದಿನೈದನೆಯ ವಿಷಯವನ್ನಾಗಿ ಮಾಡಿ ಪಾರ್ಲಿಮೆಂಟಿನ ವ್ಯಾಪ್ತಿಗೆ ಸೇರಿಸಿದೆ. ಸೇನೆಯನ್ನು ಕಣಕ್ಕೆ ಕಳುಹುವಾಗ ಪಾರ್ಲಿಮೆಂಟಿನ ಸಮ್ಮತಿಯನ್ನು ಮುಂಚಿತವಾಗಿಯಾಗಲಿ, ತುರ್ತಿನಲ್ಲಿ ಅದು ಸಾಧ್ಯವಾಗದಿದ್ದರೆ ಕೂಡಲೇ ತರುವಾಯವಾಗಲಿ ಪಡೆಯತಕ್ಕದ್ದೆಂಬ ಸ್ಪಷ್ಟ ಶಾಸನವೊಂದನ್ನು ಕೂಡ ನಾವು ಮಾಡಿಕೊಳ್ಳುವುದು ಒಳಿತು. ಸೋತೆವೆಂದು ಹೇಳಬಲ್ಲ ರಾಷ್ಟ್ರದ ಗೆಲುವಿನ ಮಾತನ್ನೂ ಲೋಕ ನಂಬುತ್ತದೆ. ಸೋಲಿಗೆ ಬೇರೆ ಹೆಸರನ್ನು ಹುಡುಕುವ ರಾಷ್ಟ್ರವು ಮುಂದೊಂದು ದಿನ ನ್ಯಾಯವಾದ ಯುದ್ಧವನ್ನೇ ಗೆದ್ದು ಬಂದರೂ ಅದರ ಮಾತನ್ನು ಸಂಶಯಿಸುವ ಹಕ್ಕು ಲೋಕಕ್ಕಿರುತ್ತದೆ. ಆ ಸಂಶಯದ ಬೆಲೆಯನ್ನು ತೆರಬೇಕಾದವರು, ಆ ಹೆಸರನ್ನು ಹುಡುಕಿದ ಮಂತ್ರಿಗಳಲ್ಲ, ಅವರ ಮಾತನ್ನು ನಂಬಿ ಕಣಕ್ಕೆ ಹೋಗುವ ಮುಂದಿನ ತಲೆಮಾರಿನ ಮಕ್ಕಳು.